ಕಸ್ತೂರೆವ್ವನ ಗುಲಾಬಿ

ಜಮಖಂಡಿಯ ವಸಂತದ ಹೂವಿನ ಪ್ರದರ್ಶನಕ್ಕೆ ಸಾವಳಗಿಯ ಕಸ್ತೂರೆವ್ವ ಪ್ರತಿ ವರ್ಷವೂ ತನ್ನ ಗುಲಾಬಿ ಕುಂಡವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬರುತ್ತಾಳೆ. ಕಂಡಕ್ಟರ್ ಕೆಳಗಿಡಲು ಹೇಳಿದರೆ, "ಕೆಳಗ ಇಟ್ರ ಅದಕ್ಕ ಕಿಡಕಿ ಕಾಣೂದಿಲ್ರಿ" ಎನ್ನುತ್ತಾಳೆ. ಅರ್ಜಿಯಲ್ಲಿ ತಳಿ ಯಾವುದೆಂದು ಕೇಳಿದರೆ "ನಮ್ಮದು" ಎಂದು ಬರೆಸುತ್ತಾಳೆ. ಗಿಡಕ್ಕೆ ಸೆಖೆಯಾದೀತೆಂದು ಸೆರಗಿನಿಂದ ಗಾಳಿ ಬೀಸುತ್ತಾಳೆ. ಪಕ್ಕದ ಕುಂಡ ಬಾಡಿದ್ದರೆ ಅದರ ಒಡೆಯನನ್ನು ಹುಡುಕಿ ಬೈದು ಬರುತ್ತಾಳೆ. ಆದರೂ ಮೊದಲ ಬಹುಮಾನ ಆಕೆಗೆ ಒಮ್ಮೆಯೂ ಬಂದಿಲ್ಲ, ಏಕೆಂದರೆ ಗಿಡದ ದೊಡ್ಡ ಹೂವು ಬೆಳಿಗ್ಗೆಯೇ ಲಿಂಗಪೂಜೆಗೆ ಹೋಗಿರುತ್ತದೆ. ಈ ವರ್ಷ ಅರಳಿದ್ದು ಒಂದೇ ಹೂವು. ಒಮ್ಮೆಯಾದರೂ ಗೆಲ್ಲಬೇಕೆಂಬ ಆಸೆಯಿಂದ ಆಕೆ ಅದನ್ನು ಕೀಳದೆ, ಅಂಗೈಯಲ್ಲಿ ಲಿಂಗ ಹಿಡಿದು ಗಿಡದ ಬಳಿಯೇ ಕುಳಿತು ಪೂಜಿಸಿ, ಹೂವಿಗೂ ವಿಭೂತಿ ಹಚ್ಚಿ ತಂದಿದ್ದಳು. ತೀರ್ಪುಗಾರರು ಬಗ್ಗಿ ನೋಡಿ, "ಹೂವು ಭಾಳ ಛಲೋ ಐತಿ, ಆದ್ರ ರೋಗ ಬಂದೈತಲ್ರಿ, ಬೆಳ್ಳಗ ಪುಡಿ ಕುಂತೈತಿ" ಎಂದರು. ನನ್ನ ಪಕ್ಕ ನಿಂತಿದ್ದ ನಮ್ಮ ಓಣಿಯ ಸಾತವ್ವ ಆಕೆಯನ್ನು ತಿವಿದು, "ವಿಭೂತಿ ಒರಸ್ ಬೇ, ಮೊದಲನೇದು ನಿನಗ ಬರತೈತಿ" ಎಂದಳು. ಕಸ್ತೂರೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹೂವಿನವರೆಗೂ ಕೈ ಒಯ್ದಳು. ಆದರೆ ಒರೆಸದೆ ಕೈ ಹಿಂದಕ್ಕೆ ತಂದು, "ರೋಗ ಅಂತನ ಬರಕೊಳ್ರಿ, ಸಾಹೇಬ್ರ" ಎಂದಳು.