ಬರಬೇಕಾದದ್ದು: ಚೈತ್ರಾ

ಹರಿಹರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ವಾಣಿ ಹನ್ನೆರಡು ವರ್ಷದಿಂದ ಟೈಪಿಂಗ್ ಕಲಿಸುತ್ತಿದ್ದಳು. ದಾವಣಗೆರೆಯ ಮಂಡಿಪೇಟೆಯ ಮನೆಯಿಂದ ದಿನಾ ಬಸ್ಸಿನ ಓಡಾಟ. ಮುಂದಿನ ವರ್ಷದಿಂದ ಜಾವಾಸ್ಕ್ರಿಪ್ಟ್ ಪ್ರೋಗ್ರಾಮಿಂಗ್ ತರಗತಿಯೂ ಇರುತ್ತದೆ ಎಂದು ಮಾಲೀಕರು ಹೇಳಿದಾಗ, ಕಲಿಸುವವರೇ ಮೊದಲು ಕಲಿಯಬೇಕಾಯಿತು.

ಜೊತೆಗೆ ಕಲಿಯಲು ಕೂತವಳು ಚೈತ್ರಾ. ಮಲೆಬೆನ್ನೂರಿನಿಂದ ಬರುತ್ತಿದ್ದ, ಇಪ್ಪತ್ಮೂರರ ಹೊಸ ಶಿಕ್ಷಕಿ. ಓದಿದರೆ ತಲೆಗೆ ಹತ್ತುವುದಿಲ್ಲ, ಏನಾದರೂ ಕಟ್ಟಬೇಕು ಅಂದವಳೂ ಅವಳೇ. ಪದೇ ಪದೇ ಬೇಕಾಗುವ, ಒಂದೊಂದು ಕೆಲಸ ಮಾಡಿಕೊಡುವ ಸಣ್ಣಪುಟ್ಟ ಫಂಕ್ಷನ್‌ಗಳನ್ನು ತಾವೇ ಬರೆದು ಒಂದೆಡೆ ಸೇರಿಸುವುದೆಂದು ಇಬ್ಬರೂ ಗೊತ್ತುಮಾಡಿಕೊಂಡರು. ಒಂದು ಫಂಕ್ಷನ್ ಪಟ್ಟಿಯಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆಯುತ್ತಿತ್ತು, ಇನ್ನೊಂದು ದಿನಾಂಕ ತಿದ್ದುತ್ತಿತ್ತು. ಆ ಸಂಗ್ರಹಕ್ಕೆ 'ಡಬ್ಬಿ' ಎಂದು ಹೆಸರಿಟ್ಟು ಇಂಟರ್‌ನೆಟ್ಟಿನಲ್ಲಿ ಇಬ್ಬರಿಗೂ ಸಿಗುವಂತೆ ಇಟ್ಟರು. ಫಂಕ್ಷನ್ ಬರೆಯುವುದು ವಾಣಿ. ಅದು ಸರಿಯಾಗಿ ಓಡುತ್ತದೆಯೇ ಎಂದು ನೋಡುವ ಪರೀಕ್ಷೆ ಬರೆಯುವುದು ಚೈತ್ರಾ.

ಉದ್ದದ ಹೆಸರನ್ನು ನಾಲ್ಕಕ್ಷರಕ್ಕೆ ಕತ್ತರಿಸುವ ಫಂಕ್ಷನ್ ಒಂದನ್ನು ವಾಣಿ ಬರೆದಳು. ಇಂಗ್ಲಿಷ್ ಹೆಸರುಗಳಿಗೆ ಅದು ಸರಿಯಾಗಿತ್ತು. ಚೈತ್ರಾ ಪರೀಕ್ಷೆಗೆ ತನ್ನ ಹೆಸರನ್ನೇ ಕನ್ನಡದಲ್ಲಿ ಕೊಟ್ಟಳು. ಎರಡೇ ಅಕ್ಷರದ ಹೆಸರು ಹಾಗೇ ಉಳಿಯಬೇಕಿತ್ತು. ಬಂದದ್ದು 'ಚೈತ್'.

"ಅದು ಫಾಂಟ್ ತೊಂದರೆ, ಬಿಡು" ಎಂದು ವಾಣಿ ಆ ಪರೀಕ್ಷೆಯನ್ನು ಅಳಿಸಿದಳು. ಮರುದಿನ ಚೈತ್ರಾ ಮತ್ತೆ ಸೇರಿಸಿದಳು. ವಾಣಿ ಮತ್ತೆ ಅಳಿಸಿ, 'ಗೊತ್ತಿಲ್ಲದ್ದನ್ನ ಮುಟ್ಟಬ್ಯಾಡ' ಎಂದು ಮೆಸೇಜು ಹಾಕಿದಳು.

'ಅಕ್ಕಾ, ನನ್ ಹೆಸರು ಪೂರ್ತಿ ಬರ್ತಿಲ್ಲ. ಒಂದ್ಸಲ ನೋಡಕ್ಕ' ಎಂದು ಉತ್ತರ ಬಂತು. ವಾಣಿ ಓದಿದಳು, ಉತ್ತರ ಬರೆಯಲಿಲ್ಲ.

ಅದೇ ವಾರ ಚೈತ್ರಾಗೆ ಡೆಂಗಿ ಜ್ವರ. ಆಸ್ಪತ್ರೆ ಸೇರಿದ ಐದನೇ ದಿನ ತೀರಿಹೋದಳು.

ಎರಡು ತಿಂಗಳು ವಾಣಿ ಡಬ್ಬಿಯನ್ನು ಮುಟ್ಟಲಿಲ್ಲ. ಒಂದು ಮಧ್ಯಾಹ್ನ, ತರಗತಿಗೆ ತಯಾರಿ ಮಾಡಲೇಬೇಕೆಂದು ತೆರೆದು ಪರೀಕ್ಷೆಗಳನ್ನು ಓಡಿಸಿದಳು. ಪಾಸಾದದ್ದೆಲ್ಲ ಹಸಿರು, ಕೊನೆಯಲ್ಲಿ ಎರಡು ಸಾಲು ಕೆಂಪು:

ಬರಬೇಕಾದದ್ದು: ಚೈತ್ರಾ
ಬಂದದ್ದು: ಚೈತ್

ಅದನ್ನು ತಾನೇ ಎರಡು ಸಲ ಅಳಿಸಿದ್ದಳು. ಯಾವಾಗ ಸೇರಿತೆಂದು ನೋಡಿದಳು. ಚೈತ್ರಾ ಆಸ್ಪತ್ರೆ ಸೇರಿದ ಮರುದಿನ, ಮಧ್ಯಾಹ್ನ ಮೂರೂಕಾಲು. ಡ್ರಿಪ್ ಹಾಕಿದ ಕೈಯಲ್ಲೇ ಮೊಬೈಲ್ ಹಿಡಿದು ಸೇರಿಸಿರಬೇಕು.

ಆಮೇಲೆ ಓದಿ ತಿಳಿದಳು. ಫಾಂಟಿನ ತಪ್ಪೇ ಅಲ್ಲ. ಕಂಪ್ಯೂಟರು ಕಾಗುಣಿತವನ್ನೂ ಒತ್ತನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ಅದಕ್ಕೆ ಚೈತ್ರಾ ಅಂದರೆ ಆರು ತುಂಡು: ಚ, ಐತ್ವ, ತ, ಅರ್ಧಾಕ್ಷರದ ಗುರುತು, ರ, ದೀರ್ಘ. ಅದರಲ್ಲಿ ನಾಲ್ಕನ್ನು ಉಳಿಸಿ ಉಳಿದದ್ದನ್ನು ವಾಣಿಯ ಫಂಕ್ಷನ್ ಕತ್ತರಿಸಿತ್ತು. ಹುಡುಗಿ ಹೇಳಿದ್ದೇ ಸರಿ.

ತಿದ್ದುವುದು ಹೇಗೆಂದು ತಿಳಿದ ಮೇಲೂ ವಾಣಿ ತಿದ್ದಲಿಲ್ಲ. ಪರೀಕ್ಷೆ ಪಾಸಾದರೆ ಆ ಸಾಲುಗಳು ಬರುವುದಿಲ್ಲ. ದಿನಾ ಬೆಳಿಗ್ಗೆ ಕೇಂದ್ರಕ್ಕೆ ಬಂದವಳೇ ಓಡಿಸುವಳು. ಬರಬೇಕಾದದ್ದು: ಚೈತ್ರಾ. ಪಾಠದ ನಡುವೆ ಬಾಗಿಲು ಸದ್ದಾದರೆ ಮಾತು ನಿಲ್ಲಿಸಿ ಆ ಕಡೆ ನೋಡುವಳು. ಮಕ್ಕಳೂ ಹಿಂತಿರುಗಿ ನೋಡುತ್ತಿದ್ದರು.

ಕೊನೆಗೆ ಒಂದು ಭಾನುವಾರ ಮಲೆಬೆನ್ನೂರಿಗೆ ಹೋದಳು. ಚೈತ್ರಾಳ ತಾಯಿ ರಂಗವ್ವ ಅಂಗಳದಲ್ಲಿ ಭತ್ತ ಹರವುತ್ತಿದ್ದವಳು ಎದ್ದು ಬಂದಳು.

"ಬರ್ರಿ ಮೇಡಂ, ಕೂಡ್ರಿ. ನಿಮ್ ಮಾತು ಭಾಳ ಹೇಳ್ತಿದ್ಲು."

"ಆಸ್ಪತ್ರೆಯಾಗ ಏನಾದ್ರೂ ಹೇಳಿದ್ಲಾ?"

"ಮೊಬೈಲ್ ನೋಡ್ತಾನೇ ಇದ್ಲು ರೀ. ಇಡು ಅಂದ್ರೆ, ತಡಿಯವ್ವ, ಒಂದು ಉತ್ರ ಬರ್ಬೇಕು ಅಂತಿದ್ಲು. ಯಾರದ್ದೋ ಏನೋ."

"ನಂದು ರಂಗವ್ವ," ಅಂದಳು ವಾಣಿ. "ನಾನೇ ಬರೀಲಿಲ್ಲ. ಅವಳು ಹೇಳಿದ್ದು ಸರಿ ಇತ್ತು."

ರಂಗವ್ವ ಕೈಗಂಟಿದ ಭತ್ತ ಕೊಡವಿದಳು. "ಈಗಾದ್ರೂ ಸರಿ ಮಾಡೀರಾ?" ಅಂದಳು.

ವಾಣಿ ಸಂಜೆಯ ಬಸ್ಸು ಹಿಡಿದಳು.

ಸೋಮವಾರ ಒತ್ತಕ್ಷರವನ್ನು ಒಡೆಯದಂತೆ ಫಂಕ್ಷನ್ ತಿದ್ದಿದಳು. ಓಡಿಸಿದಳು. ಪರದೆಯ ಮೇಲೆ ಎಲ್ಲವೂ ಹಸಿರು, ಹೆಸರು ಎಲ್ಲೂ ಇಲ್ಲ. ಇನ್ನೊಮ್ಮೆ ಓಡಿಸಿದಳು, ಮತ್ತೊಮ್ಮೆ. ಹತ್ತು ಗಂಟೆಯ ಮಕ್ಕಳು ಒಳಗೆ ಬಂದು ಕೂತರು. ಮೇಡಂ ಯಾಕೆ ಅಳುತ್ತಿದ್ದಾರೆಂದು ಅವರಿಗೆ ತಿಳಿಯಲಿಲ್ಲ.