ಎಡಗಿವಿಗೆ ಕೇಳದ ತಾಳ

ಮೊದಲು ಕಾಣೆಯಾದದ್ದು ಚಿಕ್‌ಚಿಕ್ ಸದ್ದು. ಡ್ರಮ್ಮಿನ ಗುದ್ದು ಕೇಳುತ್ತಿತ್ತು, ಅದರ ಮೇಲೆ ಹಿತ್ತಾಳೆಯ ತಟ್ಟೆಗಳು ಆಡುವ ಸಣ್ಣ ಚಿಕ್‌ಚಿಕ್ ಮಾತ್ರ ಎಡಗಿವಿಯ ಹೆಡ್‌ಫೋನಿನಲ್ಲಿ ಇಲ್ಲ. ವೈರು ಸಡಿಲಾಗಿರಬೇಕೆಂದು ಅಬಿಡ್ಸ್ ಪೇಟೆಗೆ ಹೋಗಿ ಹೊಸ ಹೆಡ್‌ಫೋನ್ ಕೊಂಡೆ. ಅದರಲ್ಲೂ ಇರಲಿಲ್ಲ. ಬಲಗಿವಿಗೆ ತಿರುಗಿಸಿಕೊಂಡೆ, ಸ್ಪಷ್ಟವಾಗಿ ಕೇಳಿಸಿತು. ಕೆಟ್ಟದ್ದು ವೈರಲ್ಲ ಎಂದು ಅಂಗಡಿಯವನ ಎದುರಿಗೇ ಗೊತ್ತಾಯಿತು.

ನಾನಾಗ ಬೇಗಂಪೇಟೆಯ ಒಂದು ಕ್ಲಬ್ಬಿನಲ್ಲಿ ಡಿಜೆ. ಹೈದರಾಬಾದಿನ ತುಂಬ ಸಾಫ್ಟ್‌ವೇರ್ ಕಂಪನಿಗಳು ಬಂದು, ಶುಕ್ರವಾರ ಸಂಜೆಯಾದರೆ ಹುಡುಗ ಹುಡುಗಿಯರು ಕೊರಳಿನ ಐಡಿ ಕಾರ್ಡನ್ನೂ ತೆಗೆಯದೆ ಕುಣಿಯಲು ಬರುತ್ತಿದ್ದ ಕಾಲ. ನಮ್ಮ ಕಸುಬಿನ ಗುಟ್ಟು ಇಷ್ಟೇ. ಒಂದು ಹಾಡು ಹೊರಗೆ ಮೊಳಗುತ್ತಿರುವಾಗ ಮುಂದಿನ ಹಾಡನ್ನು ಒಂದು ಕಿವಿಯ ಹೆಡ್‌ಫೋನಿನಲ್ಲಿ ಕೇಳಬೇಕು. ಅದರ ವೇಗವನ್ನು ಬೆರಳಿನಿಂದ ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಿ, ಎರಡರ ತಾಳವೂ ಒಂದೇ ಆದಾಗ ಬೆಸೆಯಬೇಕು. ಕೂಡದಿದ್ದರೆ ಟಾಂಗಾ ಕುದುರೆ ಎಡವಿದ ಸದ್ದು. ಕುಣಿಯುವವರ ಕಾಲು ಅಲ್ಲೇ ತಡೆಯುತ್ತದೆ. ನಾನು ದೊಡ್ಡ ಕಪ್ಪು ರೆಕಾರ್ಡುಗಳ ಮೇಲೆ ಕಲಿತವನು. ಸಿ.ಡಿ. ಬಂದಾಗಲೇ ಮೂಗು ಮುರಿದಿದ್ದೆ.

ಅಷ್ಟರಲ್ಲಿ ಮಾಲೀಕರು ಸಂಜೆಯ ಮೊದಲ ಪಾಳಿಗೆ ಒಬ್ಬ ಹುಡುಗಿಯನ್ನು ಕರೆತಂದರು. ಅವಳದು ಲ್ಯಾಪ್‌ಟಾಪ್. ಪರದೆಯ ಮೇಲೆ ಎರಡು ಹಾಡುಗಳೂ ಏರಿಳಿಯುವ ಎರಡು ಗೆರೆಗಳಾಗಿ ಹರಿಯುತ್ತಿದ್ದವು. ಒಂದು ಗುಂಡಿ ಒತ್ತಿದರೆ ತಾಳ ತಾನಾಗಿ ಕೂಡುತ್ತಿತ್ತು. ಇವಳು ಕಣ್ಣಿನಿಂದ ಹಾಡು ಕೇಳುವವಳು ಎಂದು ನಾನು ಕ್ಲಬ್ಬಿನ ಕೆಲಸದವರ ಮುಂದೆಲ್ಲ ಗೇಲಿ ಮಾಡಿದೆ. ಅವಳು ಸಿಟ್ಟಾಗಲಿಲ್ಲ. ತಾಳ ಕೂಡಿಸುವುದರಲ್ಲೇ ನೀವು ಸದಾ ತಲೆ ತಗ್ಗಿಸಿರುತ್ತೀರಿ, ನನಗಾದರೆ ಕುಣಿಯುವವರ ಮುಖ ನೋಡಲು ಪುರುಸೊತ್ತು ಸಿಗುತ್ತದೆ ಎಂದು ತೆಲುಗಿನಲ್ಲಿ ಹೇಳಿದಳು. ಮುಖ ನೋಡುವುದಕ್ಕೆ ಸಂಬಳ ಕೊಡುತ್ತಾರೇನು ಎಂದು ನಾನು ರೇಗಿದೆ.

ಕಿವಿ ಕೈಕೊಟ್ಟ ಮೇಲೆ ಗೇಲಿ ನಿಂತಿತು. ಯಾರಿಗೂ ಹೇಳದೆ ಹೆಡ್‌ಫೋನನ್ನು ಬಲಗಿವಿಗೆ ಬದಲಿಸಿದೆ. ಆದರೆ ಆಗ ಹೊರಗಿನ ಹಾಡನ್ನು ಕೇಳಬೇಕಾದದ್ದು ಅದೇ ಹಾಳು ಎಡಗಿವಿ. ಯಾವ ಕಡೆಯಿಂದ ಹೋದರೂ ಒಂದು ಹಾಡು ಮಂಕು. ಪ್ರತಿಯೊಂದು ಹಾಡೂ ಮುಗಿಯುತ್ತ ಬಂದಾಗ ಜೀವ ಬಾಯಿಗೆ ಬರುತ್ತಿತ್ತು. ಒಂದು ಸಲ ಕುದುರೆ ಎಡವಿಯೇ ಬಿಟ್ಟಿತು. ಹುಡುಗಿ ತಟ್ಟನೆ ನನ್ನ ಕಡೆ ನೋಡಿದಳು. ನಾನು ಸ್ಪೀಕರನ್ನು ಬೈದೆ. ಡಾಕ್ಟರ ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ಅವರು ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದಲ್ಲ ಎಂಬ ಭಯ. ಈ ಕೆಲಸ ಬಿಟ್ಟರೆ ನನಗೆ ಬೇರೆ ಯಾವುದೂ ಬರುತ್ತಿರಲಿಲ್ಲ.

ಮನೆ ದಿಲ್‌ಸುಖ್‌ನಗರದಲ್ಲಿ. ಅಪ್ಪ ಕಲಬುರಗಿ ಕಡೆಯಿಂದ ಬಂದು, ಸರಕಾರಿ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಬಡಿಯುವ ದೊಡ್ಡ ಪ್ರೆಸ್ಸಿನ ಪಕ್ಕ ನಿಂತೇ ನಿವೃತ್ತರಾದವರು. ಎರಡೂ ಕಿವಿ ಅದಕ್ಕೇ ಕೊಟ್ಟು ಈಗ ಮಷಿನ್ ಹಾಕಿಕೊಂಡು ಕೇಳುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ, ಟೀವಿ ಯಾಕಿಷ್ಟು ಜೋರಿಟ್ಟಿದ್ದೀ ಎಂದು ಆ ಅಪ್ಪನೇ ನನ್ನನ್ನು ಕೇಳಿದರು. ಬೇರೆಯವರಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ಅವರು ಟೀವಿ ಆರಿಸಿದರು. ಕೈಗಡಿಯಾರ ಬಿಚ್ಚಿ, ನನ್ನ ಹಿಂದೆ ಬಂದು ನಿಂತು, ಎಡಗಿವಿಯ ಹತ್ತಿರ ಹಿಡಿದರು.

“ಕೇಳ್ತೈತೇನು?”

“ಹ್ಞೂಂ, ಕೇಳ್ತೈತಿ,” ಎಂದೆ.

ಅಪ್ಪ ಗಡಿಯಾರವನ್ನು ನನ್ನ ಕಣ್ಣ ಮುಂದೆ ತಂದರು. ಕೀಲಿಯನ್ನು ಹೊರಗೆಳೆದು ನಿಲ್ಲಿಸಿದ್ದರು. ಸೆಕೆಂಡಿನ ಮುಳ್ಳು ಅಲ್ಲಾಡುತ್ತಿರಲಿಲ್ಲ.

“ಫ್ಯಾಕ್ಟರಿ ಡಾಕ್ಟರ್ ನನಗೂ ಹಿಂಗ ಹಿಡಿದಿದ್ದ,” ಎಂದರು. “ಪ್ರೆಸ್ ಬಿಡಿಸಿ ಸ್ಟೋರ್ ರೂಮಿಗೆ ಹಾಕ್ತಾರ ಅಂತ ಅಂಜಿ ನಾನೂ ಕೇಳ್ತೈತಿ ಅಂದಿದ್ದೆ. ಆಮ್ಯಾಲ ಇನ್ನೊಂದೂ ಹೋತು. ನಿನಗ ಒಂದು ಇನ್ನೂ ಉಳದೈತಿ.”

ಅಷ್ಟು ದಿನ ಕೆಲಸ ಹೋಗುತ್ತದೆಂದು ಹೆದರಿದ್ದವನು ನಾನು. ಅಪ್ಪನ ದನಿಯೂ ಒಂದು ದಿನ ಕೇಳಿಸದೆ ಹೋದೀತೆಂಬ ಹೆದರಿಕೆ ಹುಟ್ಟಿದ್ದು ಆಗಲೇ. ಮರುದಿನ ಅವರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎಡಗಿವಿ ಮತ್ತೆ ಬರುವುದಿಲ್ಲ, ಬಲಗಿವಿಯನ್ನಾದರೂ ಹೆಡ್‌ಫೋನಿನಿಂದ ದೂರವಿಡಿ ಎಂದರು ಡಾಕ್ಟರು.

ಶುಕ್ರವಾರ ಬೇಗನೆ ಕ್ಲಬ್ಬಿಗೆ ಹೋಗಿ ಹುಡುಗಿಗೆ ಎಲ್ಲ ಹೇಳಿದೆ. ಆ ಪರದೆ ನನಗೂ ಸ್ವಲ್ಪ ತೋರಿಸು ಎಂದು ಕೇಳುವಾಗ ಮುಖ ಎತ್ತಲಾಗಲಿಲ್ಲ. ಅವಳು ಒಂದು ಮಾತೂ ಚುಚ್ಚದೆ ಕುರ್ಚಿ ಸರಿಸಿದಳು. ನನ್ನ ಪಾಳಿ ಬಂದಾಗ ಬಲಗಿವಿಗೆ ರಬ್ಬರಿನ ಬಿರಡೆ ತುರುಕಿಕೊಂಡೆ. ಹೆಡ್‌ಫೋನ್ ಮೊಳೆಯಲ್ಲೇ ತೂಗುತ್ತಿತ್ತು. ಮೊದಲ ಹಾಡು ಮುಗಿಯುತ್ತ ಬಂತು. ಬೆವತ ಬೆರಳಿನಿಂದ ಗುಂಡಿ ಒತ್ತಿದೆ. ಎರಡು ಗೆರೆಗಳು ಒಂದರ ಕೆಳಗೊಂದು ಸರಿಯಾಗಿ ಕೂತವು, ನೆಲದಿಂದ ಕಾಲಿಗೆ ಬರುತ್ತಿದ್ದ ಗುದ್ದು ಒಂದಿಷ್ಟೂ ತಪ್ಪಲಿಲ್ಲ.

ಕೈಗೆ ಕೆಲಸವಿಲ್ಲದೆ ತಲೆಯೆತ್ತಿದೆ. ಇಷ್ಟು ವರ್ಷ ನಾನು ನೋಡದಿದ್ದ ಮುಖಗಳು. ಯಾರಾದರೂ ಒಬ್ಬರು ಹೆಜ್ಜೆ ತಡವರಿಸಲಿ, ಇದು ಎಂದಿನ ಡಿಜೆಯ ಕೈಯಲ್ಲ ಎಂದು ಹುಬ್ಬು ಗಂಟಿಕ್ಕಲಿ ಎಂದು ಒಂದೊಂದನ್ನೇ ಹುಡುಕಿದೆ. ಎಲ್ಲರೂ ನಗುತ್ತ ಕುಣಿಯುತ್ತಿದ್ದರು. ಅಷ್ಟರಲ್ಲಿ ಮಾಲೀಕರು ಎಡಗಡೆಯಿಂದ ಬಂದು ಬೆನ್ನು ತಟ್ಟಿ ಏನೋ ಕೂಗಿದರು. ತುಟಿ ಆಡಿದ್ದಷ್ಟೇ ಕಂಡಿತು. ನಾನು ನಕ್ಕು ತಲೆಯಾಡಿಸಿದೆ. ಅವರು ಹೋದ ಮೇಲೆ ಹುಡುಗಿ ನನ್ನ ಬಲಕ್ಕೆ ಬಂದು, ಬಿರಡೆ ತೆಗೆಯುವಂತೆ ಸನ್ನೆ ಮಾಡಿ, ಅವರು ಹೇಳಿದ್ದನ್ನು ಹೇಳಿದಳು. ಈಚೆಗೆ ನಿನ್ನ ಕೈ ಯಾಕೋ ಕೆಟ್ಟಿತ್ತು, ಇವತ್ತು ನೋಡು, ನಿನ್ನ ಹಳೆಯ ಕೈ ಮರಳಿ ಬಂತು ಎಂದಿದ್ದರಂತೆ.

ನನ್ನ ಕೈ ಮಾಡಿದ್ದು ಒಂದು ಗುಂಡಿ ಒತ್ತಿದ್ದಷ್ಟೇ. ಹೆದರಿಕೆಯೆಂದರೆ ಏನೆಂದು ನನಗೆ ಗೊತ್ತಾದದ್ದು ಆಗ.