ತುಟಿ ಓದುವ ಶೆಡ್ಡು

ಇಚಲಕರಂಜಿಯ ನನ್ನ ಅಕ್ಕನ ಮನೆಯಲ್ಲಿ ಗುಟ್ಟು ಹೇಳುವವರು ದನಿ ತಗ್ಗಿಸುವುದಿಲ್ಲ, ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು, ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್. ನಿಂತ ಮಗ್ಗವನ್ನು ಪಾನಾ (ಸ್ಪ್ಯಾನರ್) ಹಿಡಿದು ಮತ್ತೆ ನಡೆಸುವುದು ಅವರ ಕೆಲಸ. ಮಗ್ಗಗಳ ಸದ್ದಿನಲ್ಲಿ ಕಿವಿ ಉಪಯೋಗಕ್ಕೆ ಬಾರದು. ಅಲ್ಲಿಯವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ, ಶೆಡ್ಡಿನ ಆ ತುದಿಯಿಂದ ಈ ತುದಿಗೆ ಕೂಡ. ಜಾಬರ್ ಬೇಕಾದ ನೇಕಾರ ಕೈ ಎತ್ತುತ್ತಾನೆ.

ಆ ವರ್ಷ ಕೊಲ್ಹಾಪುರದ ನಮ್ಮ ಪತ್ರಿಕೆಯವರು ನನಗೆ ಕೊಟ್ಟ ವಿಷಯ, ಕೆಲಸದ ಜಾಗದ ಒತ್ತಡ. ನಾನು ಬ್ಯಾಂಕಿನವರನ್ನೂ ಆಸ್ಪತ್ರೆಯ ನರ್ಸುಗಳನ್ನೂ ಮಾತಾಡಿಸಿದ್ದೆ. ಮಾಮಾನ ಬಗ್ಗೆ ಬರೆಯುವ ಯೋಚನೆ ಇರಲಿಲ್ಲ. ಆದರೆ ಅಕ್ಕ ಚಹಾ ಕೊಡುತ್ತ, ಮಾಮಾನ ಕಡೆ ಬೆನ್ನು ಮಾಡಿ ಹೇಳಿದಳು: "ಪಾನಾ ಹಿಡದ್ರ ಕೈ ನಡಗತಾವಂತ. ರಾತ್ರಿ ನಿದ್ದಿ ಇಲ್ಲ. ಗಡಹಿಂಗ್ಲಜದ ಡಾಕ್ಟರ್ ಔಷಧ ಕೊಟ್ಟಾರ. ಮಹಾಗಾಂವಕ್ಕ ನಿಮ್ಮ ಅಣ್ಣನ ಮನಿಗೆ ಹೋಗಿ ನಾಕ ದಿನ ಆರಾಮ ಮಾಡ್ರಿ ಅಂದ್ರ, ಅಲ್ಲಿ ಮಗ್ಗದ ಸದ್ದಿಲ್ಲ, ಎಲ್ಲಾ ಗಪ್ಪ ಐತಿ, ಹೆಂಗ ಮಲಗೂದು ಅಂತಾರ."

ಶೆಡ್ಡಿನಲ್ಲಿ ಒಂದು ಸಾಲು ಹೊಸ ಮಗ್ಗ ಬಂದಿತ್ತು. ಹಳೆಯ ಮಗ್ಗದ ತೊಂದರೆಯನ್ನು ಮಾಮಾ ದೂರದಿಂದಲೇ ಗುರುತಿಸುತ್ತಿದ್ದರು. ಹೊಸದು ನಿಂತರೆ ಅದರ ಕಂಪ್ಯೂಟರ್ ಪರದೆ ಓದುತ್ತ ನಿಲ್ಲಬೇಕಿತ್ತು. ನನಗೆ ಬರುವುದಿಲ್ಲ ಎಂದು ಜಾಬರ್ ಆದವನು ಹೇಳುವ ರೂಢಿ ಇಲ್ಲ.

ಶೆಡ್ಡಿನ ಒಡೆಯರು ತಲೆಮಾರುಗಳಿಂದ ಅಲ್ಲೇ ಇರುವ ಜೈನರು. ಮನೆಯಲ್ಲಿ ಕನ್ನಡ, ವ್ಯಾಪಾರದಲ್ಲಿ ಮರಾಠಿ. ಪುಣೆಯಲ್ಲಿ ಓದಿ ಬಂದ ಮಗ ಈಗ ಕಾರಭಾರ ನೋಡುತ್ತಿದ್ದ. ಕಾರ್ಮಿಕರ ಒತ್ತಡದ ಕುರಿತು ಕೊಲ್ಹಾಪುರದಲ್ಲಿ ನಡೆದ ತರಬೇತಿಗೂ ಹೋಗಿದ್ದ. ಕಷ್ಟದಲ್ಲಿರುವವರೊಂದಿಗೆ ಗುಟ್ಟಾಗಿ ಮಾತಾಡಿ, ಭಾರ ಇಳಿಸಿ ಎಂದು ಅಲ್ಲಿ ಹೇಳಿದ್ದರು. ಒಳ್ಳೆಯ ಮಾತು. ಅವನು ಹಾಗೆಯೇ ಮಾಡಿದ.

ಆ ದಿನ ನಾನು ಶೆಡ್ಡಿನ ಬಾಗಿಲ ಬಳಿ ಇದ್ದೆ. ಅವನು ಮಾಮಾನನ್ನು ಎರಡು ಸಾಲುಗಳ ನಡುವೆ ಕರೆದುಕೊಂಡು ಹೋಗಿ, ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ. ಅಷ್ಟು ಸದ್ದಿನಲ್ಲಿ ಯಾರಿಗೆ ಕೇಳೀತು ಎಂದುಕೊಂಡಿದ್ದ. ನೇಕಾರರ ಮುಖಗಳು ಒಂದಾದ ಮೇಲೊಂದು ಬಟ್ಟೆಯ ಕಡೆ ಬಾಗಿದವು. ಬಿಹಾರದಿಂದ ಹೊಸದಾಗಿ ಬಂದ, ಇನ್ನೂ ತುಟಿ ಓದಲು ಕಲಿಯದವನೊಬ್ಬ ಮಾತ್ರ ನೋಡುತ್ತಲೇ ಇದ್ದ.

ಮಾಲಕರ ಮಗ ಹೇಳಿದ್ದು ಮನೆಗೆ ಬಂದ ಮೇಲೆ ಮಾಮಾನಿಂದ ತಿಳಿಯಿತು: "ಕಾಕಾ, ನಿಮ್ಮ ಕೈ ನಡಗಾಕತ್ತಾವ. ಇನ್ನ ಬಟ್ಟಿ ಮಡಚೂ ಕಡೆ ಕುಂಡರ್ರಿ. ಪಗಾರ ಅಷ್ಟ ಇರತೈತಿ."

ಮರುದಿನದಿಂದ ಯಾರೂ ಕೈ ಎತ್ತಲಿಲ್ಲ. ಸಣ್ಣ ದುರಸ್ತಿಯನ್ನು ನೇಕಾರರೇ ಮಾಡಿಕೊಂಡರು. ಆಗದಿದ್ದರೆ ಮಗ್ಗ ನಿಲ್ಲಿಸಿ ಪಕ್ಕದ ಶೆಡ್ಡಿನ ಜಾಬರ್‌ನನ್ನು ಕರೆದರು. ಮಾಮಾನಿಗೆ ಆಯಾಸವಾಗಬಾರದು ಎಂದು.

"ಕಾಲಿಗೆ ಆರಾಮ ಆತಲ್ರಿ," ಎಂದಳು ಅಕ್ಕ.

"ಬಾಗಿಲಿನ ಕಂಬಕ್ಕೂ ಆರಾಮ ಐತಿ," ಎಂದರು ಮಾಮಾ. ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದರು. ಮಡಚುವ ವಿಭಾಗಕ್ಕೆ ಇನ್ನೂ ಹೋಗಿರಲಿಲ್ಲ, ಜಾಬರ್‌ಕಿ ಮಾತ್ರ ಆಗಲೇ ಮುಗಿದಂತಿತ್ತು. ಕೈ ಮೊದಲಿಗಿಂತ ಹೆಚ್ಚು ನಡುಗುತ್ತಿತ್ತು. ಚಹಾದ ಬಟ್ಟಲನ್ನು ನೆಲದ ಮೇಲಿಟ್ಟು, ಬಾಗಿ ಕುಡಿಯುತ್ತಿದ್ದರು.

ಲೇಖನಕ್ಕೆಂದು ಮಾಲಕರ ಮಗನನ್ನು ಭೇಟಿಯಾದಾಗ ಈ ಸಂಗತಿಯನ್ನೂ ಹೇಳಿದೆ.

"ನಾ ಭಾಳ ಸಣ್ಣ ದನಿಲೆ ಹೇಳಿದ್ನೆಲ್ರಿ," ಎಂದ.

"ದನಿ ಯಾರಿಗೂ ಕೇಳಿಲ್ರಿ. ಎಲ್ಲಾರೂ ನೋಡ್ಯಾರ."

ಅವನು ಶೆಡ್ಡಿನ ಕಡೆ ತಿರುಗಿ ನೋಡಿದ. "ನಮ್ಮಪ್ಪ ಯಾರಿಗರ ಬೈಯೂದಿದ್ರ ಗ್ವಾಡಿ ಕಡೆ ಮಾರಿ ಮಾಡಿ ಬೈತಿದ್ರು. ಸಿಟ್ಟು ತಡಕೊಳ್ಳಾಕ ಅಂತ ತಿಳದಿದ್ನಿ."

ಆಮೇಲೆ ಮಾಮಾನನ್ನು ಆಫೀಸಿಗೆ ಕರೆಸಿದ. ಈ ಸಲ ಏನನ್ನೂ ತೀರ್ಮಾನಿಸಲಿಲ್ಲ, ಏನು ಬೇಕು ಎಂದು ಕೇಳಿದ. ಮಾಮಾ ಗೋಡೆ ನೋಡುತ್ತ ಹೇಳಿದರು: "ಹೊಸ ಮಗ್ಗ ನನ್ನ ತಲಿಗೆ ಹತ್ತೂದಿಲ್ಲ. ಅವನ್ನ ಮತ್ತೊಬ್ಬಗ ಕೊಡ್ರಿ. ಹಳೇವು ನನಗ ಬಿಡ್ರಿ." ಇಷ್ಟು ಹೇಳಲು ಅವರಿಗೆ ತಿಂಗಳುಗಳೇ ಬೇಕಾಗಿದ್ದವು.

ಮಾಲಕರ ಮಗ ಎದ್ದು ಶೆಡ್ಡಿನ ನಡುವೆ ಹೋಗಿ ನಿಂತ. ದನಿ ಏರಿಸಲಿಲ್ಲ. ತುಟಿ ಸಾವಕಾಶವಾಗಿ ಆಡಿಸುತ್ತ, ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಹೇಳಿದ: ಹಳೆಯ ಮಗ್ಗಗಳೆಲ್ಲ ಕಾಕಾನವು, ಹೊಸದಕ್ಕೆ ಬೇರೆಯವರು ಬರುತ್ತಾರೆ.

ಕೆಲ ಹೊತ್ತು ಏನೂ ಆಗಲಿಲ್ಲ. ಮಾಮಾ ಬಾಗಿಲ ಬಳಿ ಪಾನಾ ಹಿಡಿದು ನಿಂತಿದ್ದರು. ಆಮೇಲೆ ಕೊನೆಯ ಸಾಲಿನ ಹಳೆಯ ನೇಕಾರನೊಬ್ಬ ಮಗ್ಗ ನಿಲ್ಲಿಸಿ ಕೈ ಎತ್ತಿದ, ಬಾಯಿ ಆಡಿಸಿದ. ಮಾಮಾ ಗೊಣಗುತ್ತ ಹೊರಟರು. ಆ ನೇಕಾರ ಹೇಳಿದ್ದು ಏನೆಂದು ಸಂಜೆ ಮಾಮಾನನ್ನು ಕೇಳಿದೆ.

"'ಬಾಗಿಲಾ ಕಾಯಾಕ ಪಗಾರ ತಗೋತಿ ಏನಲೇ, ಬಾ ಇಲ್ಲೆ' ಅಂದ, ಹಲ್ಕಟ್."

ಅವರ ಕೈ ಈಗಲೂ ನಡುಗುತ್ತದೆ. ಬೋಲ್ಟ್ ತಿರುಗಿಸುವಾಗ ಎಡಗೈಯಿಂದ ಬಲಗೈ ಹಿಡಿದುಕೊಳ್ಳುತ್ತಾರೆ, ನೇಕಾರ ಅಷ್ಟು ಹೊತ್ತು ನೂಲಿನ ಕಡೆ ನೋಡುತ್ತಾನೆ. ಆ ಸಂಜೆ ಅವರು ಇಡೀ ರೊಟ್ಟಿ ತಿಂದರು. ದಿನವಿಡೀ ಕುಂಡರಾಕ ಬಿಡಲಿಲ್ಲ ಆ ನೇಕಾರ ಮಕ್ಕಳು ಎಂದು ಅಕ್ಕನ ಮುಂದೆ ದೂರುತ್ತಲೇ ಇನ್ನೊಂದು ಹಾಕಿಸಿಕೊಂಡರು.